ಮರಳಿ ಬರುವ ಅಸುರನಿಗೊಂದು ಕಾರಣ ಬೇಕು

ಬೆಂಗಳೂರಿನ ಸ್ಟುಡಿಯೋದಲ್ಲಿ ಬರೆದ ಚಿತ್ರಗಳು ಜಗತ್ತಿನ ಕಾಮಿಕ್ಸ್ ಅಂಗಡಿಗಳಿಗೆ ಹೋದ ಒಂದು ಕಾಲವಿತ್ತು. ರಿಚರ್ಡ್ ಬ್ರಾನ್ಸನ್, ದೀಪಕ್ ಚೋಪ್ರಾ, ಶೇಖರ್ ಕಪೂರ್ ಮುಂತಾದವರು ಸೇರಿ 2006ರಲ್ಲಿ ಹುಟ್ಟುಹಾಕಿದ ವರ್ಜಿನ್ ಕಾಮಿಕ್ಸ್‌ನ ಕಾಲ ಅದು. 2008ರಲ್ಲಿ ಒಡೆತನ ಕೈಬದಲಾಗಿ ಅದು ಲಿಕ್ವಿಡ್ ಕಾಮಿಕ್ಸ್ ಆಯಿತು. ಆ ಎರಡು ವರ್ಷಗಳಲ್ಲಿ ಬಂದ 'ದೇವಿ'ಯ 20 ಸಂಚಿಕೆಗಳನ್ನು ಹಲಸೂರಿನ ನನ್ನ ಮನೆಯಲ್ಲಿ ಕೂತು ಈಚೆಗೆ ಮತ್ತೆ ಓದಿದೆ.

ಕಥೆ ಇಷ್ಟು. ಬೆಳಕಿನ ದೇವರು ಬೋಧ. ಅವನಿಗೆ ತಿರುಗಿಬಿದ್ದವನು ಬಲ. ಅವನನ್ನು ಮಣಿಸಲು ಸೃಷ್ಟಿಯಾದವಳು ದೇವಿ. ಯುಗಗಳು ಕಳೆದ ಮೇಲೆ ಸೀತಾಪುರವೆಂಬ ಇಂದಿನ ನಗರದಲ್ಲಿ ಬಲ ಮತ್ತೆ ತಲೆಯೆತ್ತುತ್ತಾನೆ. ದೇವಿ ಇಳಿಯಬೇಕಾದ ಮೈ ತಾರಾ ಮೆಹ್ತಾ ಎಂಬ ಸಾಮಾನ್ಯ ಹುಡುಗಿಯದು.

ಈ ಕೃತಿಯ ನಿಜವಾದ ಶಕ್ತಿ ಇರುವುದು ಇಲ್ಲೇ. ದೇವಿಯನ್ನು ಕರೆತರಲು ಹೊರಟ ದುರಪಾಸ್ಯರೆಂಬ ಯೋಧರು ತಾರಾಳನ್ನೇ ಬಲಿಕೊಡಲು ಸಿದ್ಧರಾಗುತ್ತಾರೆ. ಲೋಕ ಉಳಿಯಬೇಕಾದರೆ ಹುಡುಗಿ ಸಾಯಬೇಕು. ಹಾಗೆಂದು ಯಾರೂ ಅವಳನ್ನು ಒಂದು ಮಾತು ಕೇಳುವುದಿಲ್ಲ. ಮೈಮೇಲೆ ದೇವರು ಬರುವುದನ್ನು ಕಣ್ಣಾರೆ ಕಂಡು ಬೆಳೆದ ನಮಗೆ ಇದು ಬರೀ ಕಲ್ಪನೆಯಲ್ಲ. ದೇವರು ಇಳಿದ ಮೇಲೆ ಆ ಮೈಯ ಹೆಣ್ಣು ಎಲ್ಲಿ ಹೋಗುತ್ತಾಳೆ ಎಂಬ ಪ್ರಶ್ನೆ ಎದೆಗೆ ನಾಟುತ್ತದೆ. ತಾರಾ ಪೂರ್ತಿ ಅಳಿಯದೆ ದೇವಿಯೊಳಗೆ ಉಳಿಯುತ್ತಾಳೆ ಎಂಬುದು ಬರೆದವರ ದಿಟ್ಟ ನಿರ್ಧಾರ. ಮುಕೇಶ್ ಸಿಂಗ್ ಅವರ ಚಿತ್ರಗಳೂ ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡಿವೆ. ಅಮರ ಚಿತ್ರ ಕಥೆಯ ಚೊಕ್ಕ ಗೆರೆ, ತುಂಬು ಬಣ್ಣಗಳಿಗೆ ಪಳಗಿದ ಕಣ್ಣಿಗೆ ಅವರ ಕತ್ತಲು ಹೊಸದು. ಬೆಳಕು ಅಲ್ಲಿ ದುಬಾರಿ ವಸ್ತು.

ಆದರೆ ಬಲ? ಅವನು ದೊಡ್ಡವನು, ಕ್ರೂರಿ, ಅಷ್ಟೇ. ಅವನು ಯಾಕೆ ಮರಳಿ ಬಂದ ಎಂದು ಕೇಳಿದರೆ ಕಥೆಯ ಬಳಿ ಉತ್ತರವಿಲ್ಲ. ಮುಂದಿನ ಸಂಚಿಕೆಗಳಿಗೆ ಸಮಿತ್ ಬಸು, ಸೌರವ್ ಮಹಾಪಾತ್ರ ಬರಹಗಾರರಾಗಿ ಬಂದರೂ ಈ ಟೊಳ್ಳು ತುಂಬಲಿಲ್ಲ.

ದೇವಿಯದೇ ಹಳೆಯ ಕಥೆಯಲ್ಲಿ ಉತ್ತರವಿತ್ತು. ಅಸುರ ರಕ್ತಬೀಜನ ರಕ್ತದ ಒಂದೊಂದು ಹನಿ ನೆಲಕ್ಕೆ ಬಿದ್ದಲ್ಲೂ ಇನ್ನೊಬ್ಬ ರಕ್ತಬೀಜ ಏಳುತ್ತಾನೆ. ಅವನನ್ನು ಹೆಚ್ಚಿಸುವುದು ಅವನನ್ನು ಕಡಿಯುವ ಕತ್ತಿಯೇ. ಕೊನೆಗೆ ಕಾಳಿ ಬಾಯ್ತೆರೆದು ಆ ರಕ್ತ ನೆಲ ಮುಟ್ಟದಂತೆ ಕುಡಿಯಬೇಕಾಗುತ್ತದೆ. ಕೆಡುಕು ಮರಳಿ ಬರುವ ಬಗೆಯನ್ನು ಇದಕ್ಕಿಂತ ಭಯಂಕರವಾಗಿ ಹೇಳಿದ ಕಾಮಿಕ್ಸನ್ನು ನಾನು ಓದಿಲ್ಲ. ಕರಾವಳಿಯ 'ದೇವಿ ಮಹಾತ್ಮೆ' ಯಕ್ಷಗಾನ ನೋಡಿದವರಿಗೆ ಮಹಿಷಾಸುರನೂ ನೆನಪಿರುತ್ತಾನೆ. ಅವನು ಚೌಕಿಯೆಂಬ ಬಣ್ಣದ ಮನೆಯಿಂದ ನೇರ ರಂಗಕ್ಕೆ ಬರುವುದಿಲ್ಲ. ದೊಂದಿಗಳಿಗೆ ರಾಳ ಎರಚಿ ಭಗ್ಗೆಂದು ಬೆಂಕಿ ಎಬ್ಬಿಸುತ್ತಾ, ಕೋಡು ಕುಣಿಸುತ್ತಾ, ಜನರ ಹಿಂದಿನಿಂದ ನುಗ್ಗುತ್ತಾನೆ. ಮಕ್ಕಳು ಅಮ್ಮನ ಸೆರಗಿನೊಳಗೆ ಸೇರಿಕೊಳ್ಳುತ್ತಾರೆ. ಅಸುರ ನಮ್ಮ ನಡುವಿನಿಂದಲೇ ಎದ್ದುಬರುತ್ತಾನೆ.

ಸೀತಾಪುರಕ್ಕೆ ಅಂಥ ನೆರೆಹೊರೆಯೇ ಇಲ್ಲ. ಅದು ಯಾವ ಊರೂ ಆಗಬಹುದಾದ ಊರು. ಚಿತ್ರ ಬರೆಯುತ್ತಿದ್ದ ಊರಿನಲ್ಲೇ ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಇರುಕು ದಾರಿಗಳಿದ್ದವು, ಕೆ.ಆರ್. ಪುರದ ತೂಗುಸೇತುವೆಯ ಕೆಳಗಿನ ಹೊಗೆಯಿತ್ತು. ಬಲನಿಗೆ ಅಲ್ಲೊಂದು ಮನೆ ಕೊಟ್ಟಿದ್ದರೆ ನಾನು ಅವನಿಗೆ ಹೆದರುತ್ತಿದ್ದೆ.

ಕೊನೆಯ ಸಂಚಿಕೆ ಮುಚ್ಚಿಟ್ಟು ಸಂಜೆ ಹಲಸೂರಿನ ಸೋಮೇಶ್ವರ ದೇವಸ್ಥಾನಕ್ಕೆ ಹೋದೆ. ಅಲ್ಲಿನ ಉಬ್ಬುಶಿಲ್ಪಗಳಲ್ಲಿ ಮಹಿಷನನ್ನು ಕೊಲ್ಲುವ ದುರ್ಗೆಯಿದ್ದಾಳೆ, ಕೈಲಾಸವನ್ನೇ ಎತ್ತುವ ರಾವಣನೂ ಇದ್ದಾನೆ. ನಾನು ಹೆಚ್ಚು ಹೊತ್ತು ನಿಂತದ್ದು ರಾವಣನ ಮುಂದೆ. ಬೆಟ್ಟದ ಅಡಿ ಕೈಯಿಟ್ಟ ಅವನಿಗೆ ಶಿವನನ್ನು ಒಲಿಸಿಕೊಳ್ಳುವ ಆಸೆಯಿತ್ತು.