ಹಾಡಿಸುವವರ ಕಿವಿ

ಡಿಸೆಂಬರ್ ಹತ್ತಿರವಾದಂತೆ ನಮ್ಮೂರು ವಿಜಯಪುರದ ಚರ್ಚುಗಳಲ್ಲಿ ಕ್ರಿಸ್‌ಮಸ್ ಹಾಡುಗಳ ತಾಲೀಮು ಜೋರಾಗುತ್ತದೆ. ಗಾಂಧಿ ಚೌಕದ ಆಟೋ ಹಾರ್ನು, ವ್ಯಾಪಾರದ ಕೂಗಾಟ ಇನ್ನೂ ಕಿವಿಯಲ್ಲಿರುವಾಗಲೇ ಕಾಲೇಜು ಹುಡುಗರು, ಮನೆಗೆಲಸ ಮುಗಿಸಿದ ಹೆಂಗಸರು, ಕಚೇರಿಯಿಂದ ನೇರವಾಗಿ ಬಂದವರು ಒಂದು ಪೇಟಿಯ ಸುತ್ತ ಕೂಡುತ್ತಾರೆ. ಪೇಟಿಯ ಮುಂದೆ ಕೂತವರು ಕ್ವಾಯರ್ ಮಾಸ್ಟರ್. ಸಾಮಾನ್ಯವಾಗಿ ಇವರು ಸಂಬಳಕ್ಕೆ ಈ ಕೆಲಸ ಮಾಡುವವರಲ್ಲ. ಹಗಲು ಶಾಲೆಯಲ್ಲೋ ಬ್ಯಾಂಕಿನಲ್ಲೋ ದುಡಿದು ಸಂಜೆ ಇಲ್ಲಿಗೆ ಬರುವವರು. ಗಾಯಕರ ಗಂಟಲನ್ನು ಹೊಗಳುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಹಾಡಿಸುವವರ ಕಿವಿಯ ಬಗ್ಗೆ ಯಾರೂ ಬರೆಯುವುದಿಲ್ಲ ಎಂಬುದು ನನ್ನ ಬಹುದಿನದ ಕೊರಗು.

ಮೊದಲ ತೊಡಕು ಬಾಯಿಯದು. ಕನ್ನಡ ಹಾಡಿಗೆ ಒದಗಿಬರುವ ಭಾಷೆ. ಅದರ ಬಹುಪಾಲು ಪದಗಳು ತೆರೆದ ಬಾಯಿಯಲ್ಲೇ ಮುಗಿಯುವುದರಿಂದ ಕೊನೆಯ ಅಕ್ಷರವನ್ನು ಎಷ್ಟು ಬೇಕಾದರೂ ಎಳೆಯಬಹುದು. ಆದರೆ ನಮ್ಮ ಭಾಗದಲ್ಲಿ ‘ಮನೆ’ ‘ಮನಿ’ಯಾಗುತ್ತದೆ, ‘ಬೆಳೆ’ ‘ಬೆಳಿ’ಯಾಗುತ್ತದೆ. ಒಬ್ಬರೇ ಹಾಡುವಾಗ ಎರಡೂ ಚೆಂದ. ಇಪ್ಪತ್ತು ಜನರಲ್ಲಿ ಅರ್ಧ ಮಂದಿ ‘ಎ’ ಎಂದೂ ಉಳಿದವರು ‘ಇ’ ಎಂದೂ ನಾಲ್ಕು ಮಾತ್ರೆ ಎಳೆದರೆ, ಶ್ರುತಿ ಸರಿಯಿದ್ದರೂ ಅಪಸ್ವರ ಕೇಳಿದಂತಾಗುತ್ತದೆ. ಅನನುಭವಿ ಮಾಸ್ಟರ್ ಇಂಥಲ್ಲಿ ಮತ್ತೆ ಮತ್ತೆ ಪೇಟಿ ಒತ್ತಿ ಸ್ವರ ತೋರಿಸುತ್ತಾರೆ. ನುರಿತವರು ಪೇಟಿಯಿಂದ ಕೈತೆಗೆದು, “ಮೊದಲ ಎಲ್ಲಾರೂ ಬಾಯಿ ಒಂದ ನಮೂನಿ ತೆರೀರಿ, ಸ್ವರ ಆಮ್ಯಾಲ ನೋಡೂಣು” ಅನ್ನುತ್ತಾರೆ. ಕೆಲವೇ ನಿಮಿಷಗಳಲ್ಲಿ ಇಪ್ಪತ್ತು ದನಿಗಳ ಒರಟು ಅಂಚು ಕರಗುತ್ತದೆ.

ಎರಡನೆಯ ತೊಡಕಿಗೆ ದೊಡ್ಡ ಇತಿಹಾಸವಿದೆ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂತು. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಯಪುರಕ್ಕೆ ಬಂದ ಹೊತ್ತಿಗೆ ಹೆಚ್ಚೂಕಡಿಮೆ ಇಲ್ಲಿಗೂ ತಲುಪಿತ್ತು. ಅದರ ಮಿಷನರಿಗಳಾದ ಮೋಗ್ಲಿಂಗ್, ವೈಗ್ಲೆ ಮುಂತಾದವರು ಬೆಳೆದದ್ದು ಜರ್ಮನ್ ಸಭಾಗೀತೆಗಳ ನಡುವೆ. ಅವನ್ನೇ ಕನ್ನಡಕ್ಕೆ ತಂದರು. ಮಾತು ಕನ್ನಡವಾಯಿತು, ಧಾಟಿ ಜರ್ಮನಿಯದೇ ಉಳಿಯಿತು. ಆ ಧಾಟಿಗಳಲ್ಲಿ ಎಷ್ಟೋ ಪೆಟ್ಟಿಗೆ ಮುಂಚೆಯೇ ಒಂದು ಹಗುರ ಸ್ವರದಿಂದ ಎತ್ತಿಕೊಳ್ಳುತ್ತವೆ. ಜರ್ಮನ್ ರಚನಕಾರ ಹಾಸ್ಲರ್ 1601ರಲ್ಲಿ ಪ್ರೇಮಗೀತೆಯೊಂದಕ್ಕೆ ಕಟ್ಟಿದ ಧಾಟಿ ಮುಂದೆ ಶುಭ ಶುಕ್ರವಾರದ ಗೀತೆಯ ಧಾಟಿಯಾಯಿತು, ಬಾಖ್ ಅದನ್ನು 1727ರ ‘ಮತ್ತಾಯನ ಪ್ಯಾಶನ್’ನಲ್ಲಿ ಮತ್ತೆ ಮತ್ತೆ ತಂದ. ಅದೂ ಹೀಗೆಯೇ ಎತ್ತಿಕೊಳ್ಳುತ್ತದೆ. ಕನ್ನಡ ಪದಕ್ಕೆ ತೂಕವಿರುವುದು ಮೊದಲ ಅಕ್ಷರದಲ್ಲಿ. ‘ದೇವರು’ ಎಂಬ ಪದವನ್ನು ಅಂಥ ಧಾಟಿಗೆ ಕೂರಿಸಿ ನೋಡಿ: ‘ದೇ’ ಹಗುರವಾಗಿ ಜಾರಿಹೋಗುತ್ತದೆ, ಪೆಟ್ಟು ‘ವ’ದ ಮೇಲೆ ಬೀಳುತ್ತದೆ. ಗುರುವಿಗೆ ಸಿಗಬೇಕಾದ ಕಾಲ ಲಘುವಿನ ಪಾಲಾಗುತ್ತದೆ. ಸಾಲಿನ ಮೊದಲಿಗೆ ‘ಓ’ ಎಂದೋ ‘ಹೇ’ ಎಂದೋ ಸೇರಿಸಿ ‘ದೇ’ಯನ್ನು ಪೆಟ್ಟಿನ ಮೇಲೆ ಕೂರಿಸುವುದು ಒಂದು ಉಪಾಯ. ಮೊದಲ ಸ್ವರವನ್ನೇ ಕೊಂಚ ಹಿಗ್ಗಿಸಿ, ಪೆಟ್ಟನ್ನು ಮೆದುಗೊಳಿಸಿ ಮಾತಿನ ನಡಿಗೆಗೆ ಧಾಟಿಯನ್ನು ಬಗ್ಗಿಸುವುದು ಇನ್ನೊಂದು. ನನ್ನ ಮೆಚ್ಚುಗೆ ಎರಡನೆಯದಕ್ಕೆ. ಅದು ಅಚ್ಚಾದ ಪುಸ್ತಕದಲ್ಲಿ ಸಿಗುವುದಿಲ್ಲ, ಮಾಸ್ಟರ್ ಕಿವಿಯೇ ತೀರ್ಮಾನಿಸಬೇಕು.

ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಬಂದಾಗ ಪಶ್ಚಿಮದ ಲಯಕ್ಕೆ ಕನ್ನಡ ಒಗ್ಗೀತೇ ಎಂಬ ಪ್ರಶ್ನೆ ಸಾಹಿತ್ಯದಲ್ಲಿ ದೊಡ್ಡದಾಯಿತು. ಅದಕ್ಕೂ ದಶಕಗಳ ಮೊದಲೇ ಪ್ರತಿ ಭಾನುವಾರ ಅದೇ ಪ್ರಶ್ನೆಯ ಜೊತೆ ಗುದ್ದಾಡುತ್ತಿದ್ದವರು ಈ ಹಾಡಿಸುವವರು. ನಮ್ಮ ಛಂದಸ್ಸಿನ ಚರಿತ್ರೆಯಲ್ಲಿ ಅವರಿಗೊಂದು ಪುಟ ಸಲ್ಲಬೇಕು. ಬಾಸೆಲ್ ಮಿಷನ್ನಿನವರೇ ಆದ ಕಿಟೆಲ್ ಮಾತ್ರ ಬೇರೆ ದಾರಿ ಹಿಡಿದರು. 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ಕನ್ನಡದ್ದೇ ಮಟ್ಟುಗಳಲ್ಲಿ ಹೇಳಿದರು. ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿ ಸಂಪಾದಿಸಿ ಪ್ರಕಟಿಸಿದವರೂ ಅವರೇ. ಅವರಿಗೆ ಇದು ಸಹಜವಾಗಿಯೇ ಹೊಳೆದಿರಬೇಕು.

ಹೀಗಾಗಿ ನಮ್ಮ ಕ್ವಾಯರ್‌ಗಳ ಕೈಯಲ್ಲಿ ಎರಡು ಬಗೆಯ ಹಾಡುಗಳಿವೆ: ನಾಲ್ಕು ದನಿಗಳ ಸಭಾಗೀತೆ, ಪೇಟಿ-ತಬಲಾದ ಭಜನೆ. ಎರಡನ್ನೂ ಬೆರೆಸುವ ಉತ್ಸಾಹ ಈಗ ಹೆಚ್ಚು. ಭೈರವಿಯ ಭಜನೆಗೆ ಕೀಬೋರ್ಡಿನ ಮೂರು ಸ್ವರಗಳ ಕಟ್ಟು ಕೆಳಗಿಟ್ಟರೆ ಆ ರಾಗದ ಕೋಮಲ ಸ್ವರಗಳಿಗೆ ಉಸಿರೇ ಸಿಗುವುದಿಲ್ಲ. ಜರ್ಮನ್ ಧಾಟಿಗೆ ಕೆಹರವಾ ಠೇಕಾ ಹಾಕಿದರೆ ಸಾಲಿನ ಕೊನೆಯ ತಂಗುದಾಣಗಳೆಲ್ಲ ಕೊಚ್ಚಿಹೋಗುತ್ತವೆ. ಒಂದನ್ನು ಒಂದೇ ದನಿಯಲ್ಲಿ, ಇನ್ನೊಂದನ್ನು ವಾದ್ಯವೇ ಇಲ್ಲದೆ ನಾಲ್ಕು ದನಿಯಲ್ಲಿ ಹಾಡಿಸಿ, ಎರಡರ ಮರ್ಯಾದೆಯೂ ಉಳಿಯಲಿ. ಗುಂಡಿ ಒತ್ತಿದರೆ ಬರುವ ಸಿದ್ಧ ತಾಳವಂತೂ ಹಾಡಿಸುವವರ ಕೈಯನ್ನೇ ಕಟ್ಟಿಹಾಕುತ್ತದೆ. ಸಭೆಯ ಉಸಿರಿಗೆ ಅದು ಕಾಯುವುದಿಲ್ಲ.

ನಮ್ಮದು ಕಿವಿಯ ಊರು. ಮೋತಿ ಖಾನ್ ಎಂದು ತನ್ನ ತಂಬೂರಿಗೆ ಹೆಸರಿಟ್ಟ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ‘ಕಿತಾಬ್-ಎ-ನೌರಸ್’ನ ಹಾಡುಗಳನ್ನು ರಾಗವಾರು ಜೋಡಿಸಿದ್ದು ಇಲ್ಲಿ. ಅವನ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ, 1613ರಿಂದ, ವೆನಿಸ್ಸಿನ ಸಂತ ಮಾರ್ಕನ ಚರ್ಚಿನಲ್ಲಿ ಹಾಡಿಸುವ ಹೊಣೆ ಹೊತ್ತಿದ್ದವನು ಮಾಂಟೆವೆರ್ಡಿ. 1643ರಲ್ಲಿ ಸಾಯುವವರೆಗೂ ಆ ಹೊಣೆ ಅವನದೇ. ನಮ್ಮ ಗೋಳಗುಮ್ಮಟದಂತೆ ಸಂತ ಮಾರ್ಕನಲ್ಲೂ ಗುಮ್ಮಟಗಳೇ. ಅಲ್ಲಿನ ರಚನಕಾರರು ಗಾಯಕರನ್ನು ಬೇರೆ ಬೇರೆ ಕಟ್ಟೆಗಳ ಮೇಲೆ ನಿಲ್ಲಿಸಿ, ಒಂದು ಗುಂಪಿನ ಹಾಡಿಗೆ ಇನ್ನೊಂದು ಗುಂಪಿನಿಂದ ಉತ್ತರ ಹೇಳಿಸುವ ಪರಿಪಾಠ ಬೆಳೆಸಿದ್ದರು. ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ನಿಂತು ಒಂದು ಸ್ವರ ಬಿಟ್ಟವರಿಗೆ ಇದು ತಟ್ಟನೆ ಅರ್ಥವಾದೀತು. ಹಿಂದಿನ ಸ್ವರ ಮರಳಿ ಬರುವಾಗ ಮುಂದಿನದು ಅದರ ಜೊತೆ ಹೊಂದಬೇಕು, ಇಲ್ಲವೇ ಕಾಯಬೇಕು. ಕ್ರಿಸ್‌ಮಸ್ ಹೊತ್ತಿನಲ್ಲಿ ಮನೆಮನೆಗೆ ಹೋಗಿ ಹಾಡುವ ಕ್ಯಾರಲ್ ತಂಡದ ಕಷ್ಟ ಇದಕ್ಕೆ ತದ್ವಿರುದ್ಧ. ಬಯಲಲ್ಲಿ ಯಾವ ದನಿಯೂ ಮರಳಿ ಬರುವುದಿಲ್ಲ. ಪಕ್ಕದವರ ಸ್ವರ ಕೇಳದೆ ಪ್ರತಿಯೊಬ್ಬರೂ ಗಂಟಲು ಏರಿಸುತ್ತಾರೆ, ಚಳಿಯ ಒಣ ಗಾಳಿಗೆ ನಾಲ್ಕನೇ ಮನೆಯ ಹೊತ್ತಿಗೆ ದನಿ ಒಡೆಯುತ್ತದೆ. ಬಲ್ಲ ಮಾಸ್ಟರ್ ಅವರನ್ನು ಸಾಲಾಗಿ ನಿಲ್ಲಿಸದೆ ಅರೆವೃತ್ತದಲ್ಲಿ, ಯಾವುದಾದರೂ ಗೋಡೆಗೆ ಬೆನ್ನು ಮಾಡಿ ನಿಲ್ಲಿಸುತ್ತಾರೆ.

ಜನ ಸಾಲುವುದಿಲ್ಲ ಎಂಬ ದೂರು ಎಲ್ಲ ತಾಲೀಮುಗಳಲ್ಲೂ ಇದ್ದದ್ದೇ. ಗಂಡುದನಿಗಳಿಗಂತೂ ಯಾವಾಗಲೂ ಬರ. ಲೈಪ್‌ಝಿಗ್‌ನಲ್ಲಿ 1723ರಿಂದ ಇದೇ ಹುದ್ದೆಯಲ್ಲಿದ್ದ ಬಾಖ್ 1730ರ ಆಗಸ್ಟ್‌ನಲ್ಲಿ ನಗರಸಭೆಗೆ ಸಲ್ಲಿಸಿದ ಮನವಿಯನ್ನು ಇವರೆಲ್ಲ ಓದಬೇಕು. ಪ್ರತಿ ಮೇಳಕ್ಕೂ ಕನಿಷ್ಠ 12 ಗಾಯಕರು ಬೇಕು, 16 ಇದ್ದರೆ ಒಳ್ಳೆಯದು ಎನ್ನುತ್ತಾನೆ. ತನ್ನ ಹುಡುಗರನ್ನು ಲೆಕ್ಕ ಹಾಕುತ್ತಾನೆ: 17 ಮಂದಿ ಪ್ರಯೋಜನಕ್ಕೆ ಬರುವವರು, 20 ಮಂದಿ ಇನ್ನೂ ಕಲಿಯಬೇಕಾದವರು, 17 ಮಂದಿ ಯಾತಕ್ಕೂ ಬಾರದವರು. ಈ ಕೊನೆಯ ಸಾಲು ನನಗೆ ಒಪ್ಪಿಗೆಯಿಲ್ಲ. ನಮ್ಮ ಮಾಸ್ಟರ್‌ಗಳಿಗೆ ಆಯ್ಕೆ ಮಾಡುವ ಸೌಕರ್ಯವಿಲ್ಲ, ಬಂದವರನ್ನೆಲ್ಲ ಹಾಡಿಸಬೇಕು. ಶ್ರುತಿ ಹಿಡಿಯಲಾರದ ಹುಡುಗನನ್ನು ಗಟ್ಟಿ ದನಿಯವರಿಬ್ಬರ ನಡುವೆ ನಿಲ್ಲಿಸಿ ಒಂದು ವರ್ಷ ಕಾಯುವ ತಾಳ್ಮೆ ಅವರದು. ಅದರಿಂದ ತಯಾರಾದ ಒಳ್ಳೆಯ ಬೇಸ್ ದನಿಗಳನ್ನು ಕೇಳಿದ್ದೇನೆ.

ಈ ವಿದ್ಯೆಯ ಬಹುಪಾಲು ಇರುವುದು ಕೈಬರಹದ ವಹಿಗಳಲ್ಲಿ. ಎಲ್ಲಿ ಉಸಿರು ತಗೋಬೇಕು, ಯಾವ ಅಕ್ಷರ ಎಳೆಯಬೇಕು, ಯಾವ ಶ್ರುತಿ ನಮ್ಮ ಸಭೆಗೆ ಹೊಂದುತ್ತದೆ ಎಂದು ಸೀಸದಕಡ್ಡಿಯಲ್ಲಿ ಗುರುತು ಹಾಕಿದ ವಹಿಗಳವು. ವಿಜಯಪುರ, ಗುಳೇದಗುಡ್ಡ, ಬೆಟಗೇರಿ, ಹುಬ್ಬಳ್ಳಿಯ ಹಳೆಯ ಕ್ರೈಸ್ತ ಮನೆತನಗಳಲ್ಲಿ ಅಜ್ಜ-ಅಜ್ಜಿಯರ ಟ್ರಂಕು ಖಾಲಿ ಮಾಡುವವರು ದಯವಿಟ್ಟು ರದ್ದಿಗೆ ಹಾಕುವ ಮೊದಲು ಒಮ್ಮೆ ತೆರೆದು ನೋಡಿ. ಜೆರಾಕ್ಸ್ ಮಾಡಿಸಿ ಒಂದು ಪ್ರತಿ ನಿಮ್ಮ ಚರ್ಚಿನ ಕಪಾಟಿನಲ್ಲಿಡಿ. ಇನ್ನೊಂದನ್ನು ಬಾಸೆಲ್ ಮಿಷನ್ನಿನ ಹಳೆಯ ದಾಖಲೆಗಳನ್ನು ಜೋಪಾನ ಮಾಡಿರುವ ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿಗೆ ಕಳಿಸಿ. ಹಾಡಿಸಿದವರ ಹೆಸರು, ಊರು, ಇಸವಿ ಗೊತ್ತಿದ್ದರೆ ಮೊದಲ ಪುಟದಲ್ಲೇ ಬರೆದುಬಿಡಿ.