ನಕ್ಷೆಯ ಹಸಿರು, ಆನೆಮಲೆಯ ಹಸಿರು

ಹವಾಮಾನ ಬದಲಾದರೆ ಯಾವ ಮರ ಎಲ್ಲಿ ಉಳಿದೀತು ಎಂದು ತೋರಿಸುವ ನಕ್ಷೆಗಳಿಗೆ ಈಗ ಬರವಿಲ್ಲ. ಒಂದು ಜಾತಿಯ ಮರ ಇಂದು ಎಲ್ಲೆಲ್ಲಿದೆ ಎಂದು ಗುರುತಿಸಿ, ಆ ಜಾಗಗಳ ಮಳೆ, ಬಿಸಿಲಿನ ಲೆಕ್ಕ ಹಿಡಿದು, 2050ರಲ್ಲೋ 2070ರಲ್ಲೋ ಅಂಥದೇ ಹವೆ ಎಲ್ಲಿರುತ್ತದೆಂದು ಕಂಪ್ಯೂಟರನ್ನು ಕೇಳುವುದು ಇದರ ಕ್ರಮ. 2006ರಲ್ಲಿ ಪ್ರಬಂಧವಾಗಿ ಪ್ರಕಟವಾದ ಮ್ಯಾಕ್ಸೆಂಟ್ ವಿಧಾನ ಈ ಕೆಲಸವನ್ನು ಎಷ್ಟು ಸಲೀಸು ಮಾಡಿತೆಂದರೆ, ಕಾಡಿಗೆ ಕಾಲಿಡದೆಯೂ ಕಾಡಿನ ಜಾತಕ ಬರೆಯಬಹುದು.

ಆ ಜಾತಕವನ್ನು ಒರೆಗೆ ಹಚ್ಚಲು ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಪೊಳ್ಳಾಚಿಯ ಬಯಲಿನಿಂದ ಹೊರಟ ಬಸ್ಸು ಆಳಿಯಾರು ದಾಟಿ 40 ಹೇರ್‌ಪಿನ್ ತಿರುವು ಹತ್ತಿದರೆ ಆನೆಮಲೆ ಬೆಟ್ಟಸಾಲಿನ ವಾಲ್ಪಾರೈ. ಕೆಳಗೆ ಮಳೆನೆರಳಿನ ಕುರುಚಲು, ಮೇಲೆ ನಿತ್ಯಹರಿದ್ವರ್ಣದ ಕಾಡು. ಕೊಯಮತ್ತೂರು ನಗರಕ್ಕೆ ವರ್ಷಕ್ಕೆ ಬೀಳುವುದು 600–700 ಮಿಲಿಮೀಟರ್ ಮಳೆ. ವಾಲ್ಪಾರೈ ಪಕ್ಕದ ಚಿನ್ನಕಲ್ಲಾರ್ ತಮಿಳುನಾಡಿನ ಅತಿ ಹೆಚ್ಚು ಮಳೆಯ ಊರುಗಳಲ್ಲೊಂದು. ಇಂಥ ಕಡೆ ಒಂದು ಕಿಲೋಮೀಟರ್ ಅಗಲದ ಚೌಕಕ್ಕೆ ಒಂದೇ ಹವೆ ಎಂದು ಭಾವಿಸುವ ನಕ್ಷೆ ಎಡವುತ್ತದೆ. ಆ ಒಂದು ಚೌಕದೊಳಗೇ ಶೋಲಾ ಕಾಡು, ಹುಲ್ಲು, ಚಹಾ ತೋಟ ಮೂರೂ ಇರುತ್ತವೆ.

ಬಿಸಿ ಏರಿದರೆ ಮರಗಳ ನೆಲೆ ಎತ್ತರಕ್ಕೋ ಉತ್ತರಕ್ಕೋ ಸರಿಯಬೇಕು. ಉತ್ತರದಲ್ಲಿ ಪಾಲಕ್ಕಾಡಿನ ಕಂಡಿ, 30 ಕಿಲೋಮೀಟರಿನಷ್ಟು ಅಗಲದ ಒಣ ಬಯಲು. ನೀಲಗಿರಿಯ ಹವೆ ನಾಳೆ ಆನೆಮಲೆಯ ಮರಕ್ಕೆ ಒಪ್ಪಿದರೂ ಬೀಜ ಅಲ್ಲಿಗೆ ಹೋಗುವ ದಾರಿ ಯಾವುದು? ಎತ್ತರದ ಕಡೆಗಾದರೆ ಗ್ರಾಸ್ ಹಿಲ್ಸ್‌ನ ಹುಲ್ಲುಗಾವಲು, ಅದರಾಚೆ ಕೇರಳದ ಆನೆಮುಡಿ. 2695 ಮೀಟರಿಗೆ ಬೆಟ್ಟವೇ ಮುಗಿಯುತ್ತದೆ. ನಕ್ಷೆಯಲ್ಲಿ ‘ಸೂಕ್ತ ನೆಲೆ’ ಎಂದು ಹಸಿರು ಬಳಿದಾಕ್ಷಣ ಅಲ್ಲಿ ಮರ ಹುಟ್ಟುವುದಿಲ್ಲ.

ನಕ್ಷೆ ಬಿಟ್ಟುಬಿಡುವ ದೊಡ್ಡ ಸಂಗತಿ ಬೀಜ. ಮಳೆಕಾಡಿನ ಎಷ್ಟೋ ಮರಗಳ ಬೀಜ ಒಣಗಿದರೆ ಸತ್ತಿತು. ಹುಣಸೆ ಬೀಜದಂತೆ ಡಬ್ಬಿಯಲ್ಲಿ ಕಾದಿಡುವ ಹಾಗಿಲ್ಲ. ಉದುರಿದ ಕೆಲವೇ ವಾರಗಳಲ್ಲಿ ಮಳೆ ಸಿಗಬೇಕು. ಮುಂಗಾರು ತಡವಾದ ವರ್ಷ, ವಾರ್ಷಿಕ ಮಳೆಯ ಲೆಕ್ಕ ಸರಿಯಾಗಿಯೇ ಕೂಡಿಬಂದರೂ ಆ ವರ್ಷದ ಸಸಿಗಳು ಮಾತ್ರ ಹುಟ್ಟಿರುವುದಿಲ್ಲ. ಜೊತೆಗೆ ರಾಮಪತ್ರೆ, ರಾಳಧೂಪದಂಥ ದಪ್ಪ ಬೀಜಗಳನ್ನು ನುಂಗಿ ದೂರ ಉಗುಳುವ ಮಂಗಟ್ಟೆ ಹಕ್ಕಿ ಬೇಕು. ಉಷ್ಣಾಂಶದ ಕೋಷ್ಟಕದಲ್ಲಿ ಹಕ್ಕಿಗೆ ಅಂಕಣವಿಲ್ಲ.

ಹಾಗಾದರೆ ನೆಲದ ಮೇಲೆ ನಡೆದ ಕೆಲಸ ಎಂಥದು? ಆನೆಮಲೆಯ ಟಾಪ್ ಸ್ಲಿಪ್‌ನಲ್ಲಿ ಬ್ರಿಟಿಷ್ ಅರಣ್ಯಾಧಿಕಾರಿ ಹ್ಯೂಗೋ ವುಡ್ ಬೆಳೆಸಿದ ತೇಗದ ತೋಪು ಅವನ ಸಮಾಧಿಯ ಸುತ್ತ ಇಂದಿಗೂ ನಿಂತಿದೆ. ಕಡಿದು ಬರಿದಾದ ಬೆಟ್ಟಕ್ಕೆ ಮರ ತಂದವನೆಂಬ ಗೌರವ ಅವನಿಗೆ ಸಲ್ಲಲಿ. ಆದರೆ ಪಶ್ಚಿಮಘಟ್ಟದ ಕಾಡುಗಳನ್ನು ತೇಗ, ನೀಲಗಿರಿ ನೆಡುತೋಪುಗಳ ಜೊತೆ ಹೋಲಿಸಿದ 2020ರ ಅಧ್ಯಯನವೊಂದು ಕಂಡದ್ದು ಬೇರೆ: ಬರ ಬಂದ ವರ್ಷಗಳಲ್ಲಿ ಇಂಗಾಲ ಹೀರುವ ಕೆಲಸವನ್ನು ಹಲವು ಜಾತಿಯ ಕಾಡು ಹೆಚ್ಚು ಸ್ಥಿರವಾಗಿ ಮಾಡುತ್ತದೆ.

ವಾಲ್ಪಾರೈಯಲ್ಲಿ ಮೈಸೂರು ಮೂಲದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎರಡು ದಶಕಗಳಿಂದ ಮಾಡುತ್ತಿರುವುದು ಇದೇ ದಿಕ್ಕಿನ ಕೆಲಸ. ಚಹಾ ತೋಟಗಳ ನಡುವೆ ತುಂಡಾಗಿ ಉಳಿದ ಕಾಡುಗಳಲ್ಲಿ ಲಂಟಾನ ಕಿತ್ತು, ದಾರಿಬದಿ ಬಿದ್ದ ಬೀಜ ಆಯ್ದು, ನೂರಕ್ಕೂ ಹೆಚ್ಚು ಸ್ಥಳೀಯ ಜಾತಿಗಳ ಸಸಿ ಬೆಳೆಸಿ ನೆಟ್ಟಿದ್ದಾರೆ. 7ರಿಂದ 15 ವರ್ಷ ಕಳೆದ ತುಣುಕುಗಳನ್ನು ಅಳೆದು 2019ರಲ್ಲಿ ಫಲಿತಾಂಶ ಪ್ರಕಟಿಸಿದರು: ತಾನಾಗಿ ಬೆಳೆಯಲು ಬಿಟ್ಟ ಜಾಗಕ್ಕಿಂತ ಹೆಚ್ಚು ಜಾತಿ, ಹೆಚ್ಚು ನೆರಳು, ಹೆಚ್ಚು ಇಂಗಾಲ, ಹಳೆಯ ಕಾಡಿಗೆ ಮಾತ್ರ ಇನ್ನೂ ಸಮವಲ್ಲ. ಸೋತ ಭಾಗವನ್ನೂ ಬರೆದಿಟ್ಟಿರುವುದು ಈ ಕೆಲಸದ ತೂಕ ಹೆಚ್ಚಿಸಿದೆ. ಕೊರತೆಗಳೂ ಇವೆ. ವ್ಯಾಪ್ತಿ ಸಣ್ಣದು. ನಿನ್ನೆಯ ಕಾಡನ್ನು ಮಾದರಿಯಾಗಿಟ್ಟುಕೊಂಡು ನೆಟ್ಟದ್ದು ನಾಳೆಯ ಬಿಸಿಲಿಗೆ ಎಷ್ಟು ತಾಳೀತೆಂಬ ಪ್ರಶ್ನೆಗೆ ಆ ಅಳತೆಗಳಲ್ಲಿ ನೇರ ಉತ್ತರ ಸಿಗುವುದಿಲ್ಲ.

ತಿರುಪ್ಪೂರಿನ ಕಡೆ ಅಪಾಯ ತದ್ವಿರುದ್ಧ: ಮರ ಕಳೆಯುವುದಲ್ಲ, ಬೇಡದ ಕಡೆ ನೆಡುವುದು. ಕಾಂಗೇಯಂ ಸುತ್ತಲಿನ ‘ಕೊರಂಗಾಡು’ ಎಂಬ ಖಾಸಗಿ ಗೋಮಾಳಗಳಲ್ಲಿ ಮುಳ್ಳುಕಿಳುವೆಯ ಬೇಲಿ, ಒಳಗೆ ಕೊಳುಕ್ಕಟ್ಟೈ ಹುಲ್ಲು, ಅಲ್ಲಲ್ಲಿ ಬಿಳಿಜಾಲಿ. ಬೇಸಗೆಯಲ್ಲಿ ಅದರ ಕಾಯಿ ಕಾಂಗೇಯಂ ದನಗಳಿಗೆ ಮೇವಾಗುತ್ತದೆ. ಬರ ತಾಳುವ ಪಾಠ ಕಲಿಸಬಲ್ಲ ಈ ವಿರಳ ಮರಗಳ ನೆಲೆ ಕಣ್ಣಿಗೆ ಪಾಳುಭೂಮಿಯಂತೆ ಕಾಣುತ್ತದೆ. 2022ರ ಸೆಪ್ಟೆಂಬರಿನಲ್ಲಿ ಶುರುವಾದ ಹಸಿರು ತಮಿಳುನಾಡು ಅಭಿಯಾನದ ಗುರಿ ರಾಜ್ಯದ ಹಸಿರು ಹೊದಿಕೆಯನ್ನು ಶೇ. 33ಕ್ಕೆ ಏರಿಸುವುದು. ಶೇಕಡಾವಾರು ಗುರಿಗೆ ಬಿಳಿಜಾಲಿಯ ಬಯಲು ಖಾಲಿ ಜಾಗವಾಗಿ ಕಂಡರೆ ಕೆಟ್ಟಿತು.

ಮರಗಳ ತಳಿ ಸುಧಾರಣೆಗೆಂದೇ 1988ರಲ್ಲಿ ಸ್ಥಾಪನೆಯಾದ ಕೇಂದ್ರ ಸಂಸ್ಥೆ ಕೊಯಮತ್ತೂರಿನಲ್ಲೇ ಇದೆ. ಗಾಳಿಮರ, ನೀಲಗಿರಿಯ ತಳಿಗಳಿಗೆ ಹೆಸರಾದದ್ದು. ಒಂದೇ ಜಾತಿಯ ಬೀಜವನ್ನು ಬಯಲಂಚಿನಿಂದಲೂ ಬೆಟ್ಟದ ಮೇಲಿನಿಂದಲೂ ತಂದು ಅಕ್ಕಪಕ್ಕ ಬೆಳೆಸಿ, ಬಿಸಿಲು ತಾಳುವುದು ಯಾವುದೆಂದು ನೋಡುವ ಪರೀಕ್ಷೆ ಆನೆಮಲೆಯ ನಾಗಸಂಪಿಗೆಗೂ ಆಗಬೇಕು. ಸಸಿ ನೆಟ್ಟ ಲೆಕ್ಕ ಬರೆಯುವ ಇಲಾಖೆಗಳು ಬೀಜ ತಂದ ಊರನ್ನೂ, ಹತ್ತು ವರ್ಷದ ಬಳಿಕ ಬದುಕಿದ ಸಸಿಗಳನ್ನೂ ಅದೇ ಪುಸ್ತಕದಲ್ಲಿ ಬರೆಯಲಿ.