ವೇಷವೂ ಭಂಡಾರವೂ

ಕಲಬುರಗಿ, ಕಮಲಾಪುರಗಳ ಕಡೆಯ ಹಳ್ಳಿಗಳಲ್ಲಿ ದೊಡ್ಡಾಟವಾಡಬೇಕೆಂದು ಊರವರು ಮನಸ್ಸು ಮಾಡಿದರೆ ಮೊದಲು ಗೊತ್ತಾಗತಕ್ಕದ್ದು ಪ್ರಸಂಗ, ಅನಂತರ ವಂತಿಗೆ, ಪಾತ್ರಗಳ ಮಾತು ಅದಾದ ಮೇಲೆ. ಅಟ್ಟದ ಮರಮುಟ್ಟು, ದೀಪ, ಮದ್ದಳೆ, ತಾಳ, ಕಿರೀಟ, ಭುಜಕೀರ್ತಿ ಇವೆಲ್ಲವೂ ಎಲ್ಲರವು. ಭೀಮನ ವೇಷವನ್ನು ಬಯಸುವವರು ನಾಲ್ವರಿದ್ದರೂ ಆಟಕ್ಕೆ ಬೇಕಾದ ಭೀಮನು ಒಬ್ಬನೇ. ಆದುದರಿಂದ ಆಟ ಕಲಿಸುವ ಮಾಸ್ತರನು ಒಬ್ಬೊಬ್ಬನ ಕಂಠವನ್ನೂ ಮೈಕಟ್ಟನ್ನೂ ನೆನಪಿನ ಬಲವನ್ನೂ ನೋಡಿ ವೇಷಗಳನ್ನು ಹಂಚಬೇಕಾಗುತ್ತದೆ. ತನಗೆ ದೊರೆತ ವೇಷವು ಚಿಕ್ಕದೆಂದು ಮುನಿಯುವವರು ಇಲ್ಲದಿಲ್ಲ. ಆದರೆ ಹಾಗೆ ಮುನಿದವನೂ ಆಟವನ್ನು ಬಿಟ್ಟುಹೋಗಲಾರನು. ಅಟ್ಟಕ್ಕೆ ಅವನ ವಂತಿಗೆಯೂ ಸೇರಿದೆ.

ಈ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡು ಪಾಶ್ಚಾತ್ಯರ ಒಂದು ವಿನೋದವನ್ನು ಪರೀಕ್ಷಿಸುವುದು ಪ್ರಯೋಜನಕರ. ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಕಲ್ಪಿತ ವ್ಯಕ್ತಿಯಾಗಿ ಮಾತನಾಡುತ್ತ, ಸೂತ್ರಧಾರನಂತಿರುವ ಒಬ್ಬನು ವರ್ಣಿಸುವ ಲೋಕದಲ್ಲಿ ಸಂಚರಿಸುವ ಪಾತ್ರಧಾರಣೆಯ ಆಟವಿದು. ಬಣ್ಣವಿಲ್ಲ, ರಂಗವಿಲ್ಲ, ಕಾಗದ, ಸೀಸದಕಡ್ಡಿ, ದಾಳಗಳು ಇದ್ದರೆ ಸಾಕು. ಕೈಕೊಂಡ ಸಾಹಸವು ಫಲಿಸಿತೋ ಇಲ್ಲವೋ ಎಂಬುದನ್ನು ದಾಳವು ನಿರ್ಣಯಿಸುತ್ತದೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬವರ ಹೆಸರಿನಲ್ಲಿ 1974ರಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಜಾತಿಯಲ್ಲಿ ಮೊದಲು ಅಚ್ಚಾದುದೆಂದು ಎಣಿಕೆ. ಇಂದು ನಮ್ಮ ನಗರಗಳ ವಿದ್ಯಾವಂತ ತರುಣ ತರುಣಿಯರೂ ಇದನ್ನಾಡುತ್ತಾರೆ. ಹೀಗಿರಲು ಇದನ್ನು ಕಾಲಹರಣವೆಂದು ತಳ್ಳಿಬಿಡುವುದು ಉಚಿತವಲ್ಲ. ಕೂಡಿ ಕಥೆ ಕಟ್ಟುವ ಒಂದು ಬಗೆಯೆಂದು ಇದರ ಗುಣದೋಷಗಳನ್ನು ತೂಗುವುದೇ ನ್ಯಾಯ.

ಆ ಮೊದಲ ಗ್ರಂಥದಲ್ಲಿ ವ್ಯಕ್ತಿಯು ಹುಟ್ಟುವುದು ದಾಳದಿಂದ. ಬಲ, ಬುದ್ಧಿ, ವಿವೇಕ, ದೇಹದಾರ್ಢ್ಯ, ಚುರುಕು, ವರ್ಚಸ್ಸು ಎಂಬ 6 ಗುಣಗಳಲ್ಲಿ ಒಂದೊಂದಕ್ಕೂ 3 ದಾಳಗಳ ಎಸೆತ. ಬಿದ್ದ ಮೊತ್ತವೇ ಆ ಗುಣದ ಅಳತೆ. 3ಕ್ಕಿಂತ ಕಡಿಮೆಯಿಲ್ಲ, 18ಕ್ಕಿಂತ ಹೆಚ್ಚಿಲ್ಲ. 18 ಬೀಳುವ ಸಂಭವ 216ರಲ್ಲಿ ಒಂದು. ಕೈಚೀಲದ ಹೊನ್ನೂ ದಾಳದ್ದೇ: 3 ದಾಳಗಳ ಮೊತ್ತದ ಹತ್ತರಷ್ಟು. ಇಲ್ಲಿ ಆಯ್ಕೆಗಿಂತ ದೈವವೇ ದೊಡ್ಡದು. ಕಾಲಕ್ರಮದಲ್ಲಿ ದೈವವು ಹಿಂದೆ ಸರಿದು ಆಯ್ಕೆಯು ಮುಂದೆ ಬಂದಿತು. ಅದೇ ಆಟದ 2014ರ ಆವೃತ್ತಿಯಲ್ಲಿ 27 ಅಂಕಗಳನ್ನು ಗುಣಗಳಿಗೆ ತಾನೇ ಹಂಚಿಕೊಳ್ಳುವ ವಿಕಲ್ಪವುಂಟು. 1986ರ ‘ಗರ್ಪ್ಸ್’ ಎಂಬ ಆಟವು ಕುಂದನ್ನು ಒಪ್ಪಿಕೊಂಡವನಿಗೆ ಬದಲಾಗಿ ಅಂಕಗಳನ್ನು ಕೊಡುತ್ತದೆ: ಒಕ್ಕಣ್ಣನಾದರೆ ಇಷ್ಟು, ಮುಂಗೋಪಿಯಾದರೆ ಇಷ್ಟು.

ಇಷ್ಟರಮಟ್ಟಿಗೆ ಇದು ಪ್ರಗತಿಯೇ. ಆದರೆ ಈ ಪ್ರಗತಿಯ ಬೆನ್ನಿಗೇ ಒಂದು ದೋಷವು ಬೆಳೆದು ಬಂದಿದೆ. ಆಡುವವನು ಮನೆಯಲ್ಲಿ ಒಬ್ಬನೇ ಕುಳಿತು, ಪುಟ ಪುಟ ತಿರುವಿ, ಅಂಕಕ್ಕೆ ಅಂಕ ಕೂಡಿಸಿ, ಕೊರತೆಯಿಲ್ಲದ ಒಬ್ಬ ವೀರನನ್ನು ರಚಿಸಿಕೊಳ್ಳುತ್ತಾನೆ. ಉಳಿದವರೂ ಹಾಗೆಯೇ. ಮೇಜಿನ ಬಳಿ ನಾಲ್ವರು ಸೇರಿದಾಗ ನಾಲ್ವರು ವೀರರಿರುತ್ತಾರೆ, ಅವರು ಒಂದು ದಾರಿಯಲ್ಲಿ ನಡೆಯುವುದಕ್ಕೆ ಕಾರಣ ಮಾತ್ರ ಇರುವುದಿಲ್ಲ. ದಾರಿಯಲ್ಲಿ ದೊರೆತ ಹೊನ್ನು ಯಾರದು, ದೀಪವನ್ನು ಹೊರುವವರಾರು, ಗಾಯಗೊಂಡವನಿಗಾಗಿ ಕೊನೆಯ ಔಷಧವನ್ನು ವ್ಯಯಿಸುವುದಕ್ಕೆ ಯಾರ ಒಪ್ಪಿಗೆ ಬೇಕು, ಇವುಗಳಿಗೆ ಉತ್ತರ ಆಯಾ ಸಮಯಕ್ಕೆ ಹುಟ್ಟಬೇಕು. ಜಗಳವೂ ಅಲ್ಲಿಯೇ ಹುಟ್ಟುತ್ತದೆ.

ಆಟಗಳ ಕರ್ತೃಗಳಲ್ಲಿಯೇ ಕೆಲವರು ಈ ಕೊರತೆಯನ್ನು ಕಂಡುಕೊಂಡರು. ಜೊನಾಥನ್ ಟ್ವೀಟ್, ಮಾರ್ಕ್ ರೈನ್-ಹೇಗನ್ ಎಂಬವರ 1987ರ ‘ಆರ್ಸ್ ಮ್ಯಾಜಿಕಾ’ದಲ್ಲಿ ಮಾಂತ್ರಿಕರೆಲ್ಲರೂ ಸೇರಿ ವಾಸಿಸುವ, ಮಠದಂಥ ಒಂದು ನೆಲೆಯುಂಟು. ಅಲ್ಲಿಯ ಕಾವಲಿನವರೂ ಆಳುಗಳೂ ಯಾವ ಒಬ್ಬ ಆಟಗಾರನ ಸೊತ್ತೂ ಅಲ್ಲ. ಸಂದರ್ಭ ಬಂದಾಗ ಯಾರು ಬೇಕಾದರೂ ಅವರ ಪಾತ್ರವನ್ನು ವಹಿಸಬಹುದು. ಜಾನ್ ಹಾರ್ಪರನ 2017ರ ‘ಬ್ಲೇಡ್ಸ್ ಇನ್ ದ ಡಾರ್ಕ್’ ಕಳ್ಳರ ಕೂಟವೊಂದರ ಆಟ. ಒಬ್ಬೊಬ್ಬನಿಗೆ ಒಂದು ಹಾಳೆಯಿರುವಂತೆ ಕೂಟಕ್ಕೂ ಒಂದು ಹಾಳೆ. 6 ಬಗೆಯ ಕೂಟಗಳಲ್ಲಿ ಒಂದನ್ನು ಎಲ್ಲರೂ ಸೇರಿ ಆರಿಸಬೇಕು. ಅಡಗುದಾಣ, ಕೀರ್ತಿ, ಬೊಕ್ಕಸ ಇವೆಲ್ಲ ಆ ಹಾಳೆಗೆ ಸೇರಿದವು. ದೊಡ್ಡಾಟದ ವಂತಿಗೆಯ ನ್ಯಾಯವೇ ಇಲ್ಲಿ ಬೇರೆ ದಾರಿಯಿಂದ ಬಂದು ಮುಟ್ಟಿದೆಯೆನ್ನಬಹುದು.

ಈ ನ್ಯಾಯವನ್ನು ಒರೆಗೆ ಹಚ್ಚುವುದಕ್ಕೆ ಕನ್ನಡಿಗರ ಮನೆಯಲ್ಲಿಯೇ ಒಂದು ಕಲ್ಲುಂಟು. ಮಳೆ ತಡೆದರೆ ಹಳ್ಳಿಗಳಲ್ಲಿ ಓದಿಸುವ ವಿರಾಟಪರ್ವವು ವೇಷಗಳನ್ನು ಆರಿಸುವ ಕಥೆಯೇ ಅಲ್ಲವೆ? ವನವಾಸದ 12 ವರ್ಷಗಳು ತೀರಿ ಅಜ್ಞಾತದ 1 ವರ್ಷವು ಎದುರು ನಿಂತಾಗ ಪಾಂಡವರು ಕುಳಿತು ಆಲೋಚಿಸುತ್ತಾರೆ. ಮೊದಲು ಗೊತ್ತಾಗುವುದು ಎಲ್ಲರೂ ಕಾಯತಕ್ಕ ಗುಟ್ಟು. ಅನಂತರ ಒಬ್ಬೊಬ್ಬರ ವೇಷ. ದ್ಯೂತಪ್ರಿಯನಾದ ಧರ್ಮರಾಯನು ಕಂಕನಾಗುತ್ತಾನೆ. ಊಟಪ್ರಿಯನಾದ ಭೀಮನು ಬಾಣಸಿಗ ವಲಲನಾಗುತ್ತಾನೆ. ಊರ್ವಶಿಯ ಶಾಪವನ್ನು ಅರ್ಜುನನು ಬೃಹನ್ನಳೆಯ ವೇಷವಾಗಿ ತೊಡುತ್ತಾನೆ. ಕುಂದಿಗೆ ಅಂಕ ಕೊಡುವ ನಿಯಮಕ್ಕೆ ಇದಕ್ಕಿಂತ ಘನವಾದ ಉದಾಹರಣೆ ದೊರೆಯದು. ನಕುಲನಿಗೆ ಕುದುರೆಗಳು, ಸಹದೇವನಿಗೆ ಗೋವುಗಳು, ದ್ರೌಪದಿಗೆ ಸೈರಂಧ್ರಿಯ ಊಳಿಗ. ಒಬ್ಬರ ವೇಷವು ಇನ್ನೊಬ್ಬರದಕ್ಕೆ ಅಡ್ಡ ಬರುವುದಿಲ್ಲ. ಆಯುಧಗಳು ಮಾತ್ರ ಒಂದೇ ಬನ್ನಿಯ ಮರದಲ್ಲಿ.

ಆ ಗುಟ್ಟೇ ಅವರ ನಿಜವಾದ ಭಂಡಾರ. ಒಬ್ಬೊಬ್ಬರ ಪರಾಕ್ರಮವೂ ಅದರಿಂದ ವ್ಯಯವಾಗುತ್ತದೆ. ಕೀಚಕನಿಂದ ನೊಂದ ದ್ರೌಪದಿಯು ಇರುಳಿನಲ್ಲಿ ಅಡುಗೆಯ ಮನೆಗೆ ಹೋಗಿ ಭೀಮನನ್ನು ಎಬ್ಬಿಸುತ್ತಾಳೆ. ಆ ವ್ಯಯ ನ್ಯಾಯವಾದುದು. ಆದರೂ ಕೀಚಕನ ಮರಣದ ಸುದ್ದಿ ಹಸ್ತಿನಾವತಿಗೆ ಮುಟ್ಟಿದ ಮೇಲೆಯೇ ಗೋಗ್ರಹಣದ ಹಂಚಿಕೆ ಹುಟ್ಟುತ್ತದೆ. ಸುಶರ್ಮನೊಡನೆ ಯುದ್ಧವಾದಾಗ ಭೀಮನು ಮರವನ್ನು ಕಿತ್ತು ಹೊಡೆಯಹೋಗಲು ಧರ್ಮರಾಯನು ತಡೆಯುತ್ತಾನೆ. ಮರ ಕಿತ್ತರೆ ಭೀಮನೆಂದು ಜನರು ಗುರುತಿಸುವರು. ತನ್ನ ವಿಶೇಷ ಶಕ್ತಿಯನ್ನು ಉಳಿದವರಿಗಾಗಿ ಬಳಸದಿರುವುದೂ ಒಂದು ಆಯ್ಕೆ. ಅಂಕಗಳ ಪಟ್ಟಿಯಲ್ಲಿ ಈ ಆಯ್ಕೆಗೆ ಸ್ಥಳವಿಲ್ಲ.

ಕೂಡಿದ ಸೊತ್ತು ಇದ್ದರಾಯಿತು, ಆಟವು ತಾನಾಗಿ ಸುಸೂತ್ರವಾಗುವುದು ಎಂದು ಇದರಿಂದ ತಿಳಿಯಲಾಗದು. ಸಭಾಪರ್ವವು ಅದಕ್ಕೆ ಎದುರು ಸಾಕ್ಷಿ. ಅಲ್ಲಿ ಭಂಡಾರವು ಎಲ್ಲರದು, ದಾಳವು ಒಬ್ಬನ ಕೈಯಲ್ಲಿ. ಧರ್ಮರಾಯನು ರಾಜ್ಯವನ್ನು, ತಮ್ಮಂದಿರನ್ನು, ತನ್ನನ್ನು, ಕಡೆಗೆ ಮಡದಿಯನ್ನು ಒಡ್ಡಿದನು. ತನ್ನನ್ನು ಮೊದಲು ಸೋತವನಿಗೆ ಇನ್ನೊಬ್ಬರನ್ನು ಒಡ್ಡುವ ಅಧಿಕಾರವೆಲ್ಲಿಯದು ಎಂದು ದ್ರೌಪದಿ ಕೇಳಿದ ಪ್ರಶ್ನೆಗೆ ಆ ಸಭೆಯ ಹಿರಿಯರು ಉತ್ತರ ಕೊಡಲಾರದೆ ಹೋದರು. ಕಲಬುರಗಿಯ ಶರಣಬಸವೇಶ್ವರರ ದಾಸೋಹದ ಹೆಸರು ಕೇಳಿ ಬೆಳೆದವರಿಗೆ ಕೂಡಿಟ್ಟುದು ಕೂಡಿ ಉಣ್ಣುವುದಕ್ಕೆ ಎಂಬ ಮಾತು ಹೊಸದಲ್ಲ. ಆದರೆ ದಾಸೋಹದಲ್ಲಿ ಸೊತ್ತಿನ ಉದ್ದೇಶವು ಮೊದಲೇ ಗೊತ್ತು, ಹಸಿದವನಿಗೆ ಅನ್ನ. ಉದ್ದೇಶ ಗೊತ್ತಿಲ್ಲದ ಭಂಡಾರಕ್ಕೆ ಶಕುನಿಯು ಎಲ್ಲಿಂದಲಾದರೂ ಬಂದೇ ಬರುತ್ತಾನೆ.

ಆದುದರಿಂದ ಈ ಆಟಗಳ ಗ್ರಂಥಗಳಲ್ಲಿ ಕೊರತೆಯಿರುವುದು ವಿಕಲ್ಪಗಳ ಸಂಖ್ಯೆಯಲ್ಲಲ್ಲ, ಕ್ರಮದಲ್ಲಿ. ನಾವು ಯಾವುದನ್ನು ಕೂಡಿ ಕಾಯುವೆವು, ಅದನ್ನು ವ್ಯಯಿಸುವ ಮೊದಲು ಯಾರನ್ನು ಕೇಳಬೇಕು ಎಂಬೆರಡು ಮಾತುಗಳು ಮೊದಲ ಪುಟದಲ್ಲಿ ತೀರ್ಮಾನವಾದರೆ ಒಬ್ಬೊಬ್ಬನ ವೇಷವು ಅವುಗಳ ಆಸರೆಯಲ್ಲಿ ಅರ್ಥವತ್ತಾಗಿ ಬೆಳೆಯುತ್ತದೆ. ಆ ಮಾತುಗಳಿಲ್ಲದೆ ರಚಿತನಾದ ವ್ಯಕ್ತಿ ಎಷ್ಟೇ ಸರ್ವಾಂಗಸುಂದರನಾದರೂ ಕನ್ನಡಿಯ ಮುಂದೆ ಕಿರೀಟ ತೊಟ್ಟು ನಿಂತವನಂತೆ, ಅವನಿಗೆ ಆಟವಿಲ್ಲ. ಗೋಗ್ರಹಣದ ದಿನ ಅರ್ಜುನನು ಉತ್ತರನನ್ನು ಬನ್ನಿಯ ಮರಕ್ಕೆ ಹತ್ತಿಸಿ ಕಟ್ಟನ್ನು ಬಿಚ್ಚಿಸಿದನು. ಅಲ್ಲಿ ಐವರ ಬಿಲ್ಲುಗಳೂ ಇದ್ದವು. ಅವನು ತನ್ನ ಗಾಂಡೀವವನ್ನು ತೆಗೆದುಕೊಂಡನು. ಯುದ್ಧವನ್ನು ಗೆದ್ದ ಮೇಲೆ ಅದನ್ನೂ ಅಲ್ಲಿಯೇ ಮರಳಿ ಇಟ್ಟು ಬೃಹನ್ನಳೆಯಾಗಿ ಊರಿಗೆ ತಿರುಗಿದನು.